ಹಜರತ್ ಟಿಪ್ಪು ಸುಲ್ತಾನ್ ಶಹೀದ್: ಖಡ್ಗದ ಜೊತೆ ತಕ್ಕಡಿಯನ್ನೂ ಹಿಡಿದ ದೊರೆ

ಬೇಗೂರಿನಿಂದ ನಗರದ ಕಾಲೇಜುಗಳಿಗೆ ಹೋಗಿಬರುವ ನಮ್ಮ ವಿದ್ಯಾರ್ಥಿಗಳಿಗೆ ಸಿಲ್ಕ್ ಬೋರ್ಡ್ ಎಂದ ಕೂಡಲೇ ನೆನಪಾಗುವುದು ವಾಹನಗಳ ಸಾಲು. ಆ ವೃತ್ತಕ್ಕೆ ಹೆಸರು ಬಂದದ್ದು ಅಲ್ಲಿರುವ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿಂದ. ರೇಷ್ಮೆಗೂ ಈ ನಾಡಿಗೂ ನಂಟು ಬೆಳೆದದ್ದು ಹೇಗೆ ಎಂದು ಹುಡುಕಿದರೆ ನಾವು ಹದಿನೆಂಟನೆಯ ಶತಮಾನದ ಒಬ್ಬ ದೊರೆಯ ಬಳಿಗೆ ತಲುಪುತ್ತೇವೆ. ಅವರೇ ಹಜರತ್ ಟಿಪ್ಪು ಸುಲ್ತಾನ್ ಶಹೀದರು.

ಟಿಪ್ಪು ಸುಲ್ತಾನರೆಂದರೆ ನಮಗೆ ಹುಲಿ, ರಾಕೆಟ್ಟು ಮತ್ತು ಯುದ್ಧಗಳು ಮಾತ್ರ ಗೊತ್ತು. ಸಭೆಗಳಲ್ಲಿ ಭಾಷಣಕಾರರು ಹೇಳುವುದೂ ಅಷ್ಟನ್ನೇ. ಅವರ ಪತ್ರಗಳನ್ನೂ ಹುಕುಂನಾಮೆಗಳನ್ನೂ ಓದಿದವರಿಗೆ ಮಾತ್ರ ಇನ್ನೊಬ್ಬ ಟಿಪ್ಪು ಕಾಣಿಸುತ್ತಾರೆ. ಕರಿಮೆಣಸಿನ ದರ, ಗಂಧದ ಮರದ ತೂಕ, ಹಡಗಿನ ಸುಂಕ, ರೇಷ್ಮೆ ಹುಳುವಿನ ಆಹಾರ, ಮಸ್ಕತ್ತಿನ ದಲ್ಲಾಳಿ ಇವುಗಳ ಬಗ್ಗೆ ದಿನವೂ ಯೋಚಿಸುತ್ತಿದ್ದ ಟಿಪ್ಪು ಅವರು. ಒಂದು ಸರಕಾರವು ತನ್ನ ವ್ಯಾಪಾರನೀತಿಯಿಂದ ಪರದೇಶದ ಶಕ್ತಿಗಳನ್ನು ಹೇಗೆ ಬಗ್ಗಿಸಲು ಯತ್ನಿಸುತ್ತದೆ, ಆ ಯತ್ನದಲ್ಲಿ ತಾನೂ ಹೇಗೆ ನಷ್ಟಕ್ಕೆ ಸಿಲುಕುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲಿ ಅವರ ಜೀವನಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ಅವರು ಹುಟ್ಟಿದ್ದು 1750ರ ನವೆಂಬರ್ 20ರಂದು ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿ, ತಾಯಿ ಫಖ್ರುನ್ನಿಸಾ. ಹೈದರ್ ಅಲಿಯವರಿಗೆ ಓದುಬರಹ ಬರುತ್ತಿರಲಿಲ್ಲ. ಬಹುಶಃ ಆ ಕಾರಣಕ್ಕೇ ಮಗನ ವಿದ್ಯಾಭ್ಯಾಸದ ಬಗ್ಗೆ ಅವರು ವಿಶೇಷ ಕಾಳಜಿ ವಹಿಸಿದರು. ಮುಂದೆ ಟಿಪ್ಪು ಸುಲ್ತಾನರ ಗ್ರಂಥಾಲಯದಲ್ಲಿ ಸುಮಾರು 2,000 ಹಸ್ತಪ್ರತಿಗಳಿದ್ದವು ಎಂಬುದು ಆ ಕಾಳಜಿಯ ಫಲವೇ ಸರಿ. ಎಳೆಯ ವಯಸ್ಸಿನಲ್ಲೇ ತಂದೆಯ ಜೊತೆ ರಣರಂಗಕ್ಕೆ ಇಳಿದು, 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಸೇನೆಯನ್ನು ಸೋಲಿಸಿದ್ದು ಎಲ್ಲರಿಗೂ ತಿಳಿದದ್ದೇ. 1782ರ ಡಿಸೆಂಬರಿನಲ್ಲಿ ಹೈದರ್ ಅಲಿಯವರು ತೀರಿಕೊಂಡಾಗ ಇಂಗ್ಲಿಷರೊಡನೆ ಎರಡನೆಯ ಯುದ್ಧ ಇನ್ನೂ ನಡೆಯುತ್ತಲೇ ಇತ್ತು. 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಒಪ್ಪಂದವಾಗಿ ಯುದ್ಧ ನಿಂತಿತು.

ಆ ಒಪ್ಪಂದದಲ್ಲಿ ಗೆದ್ದ ಊರುಗಳ ಹಾಗೂ ಕೈದಿಗಳ ವಿಚಾರದ ಜೊತೆಗೆ ವ್ಯಾಪಾರದ ವಿಚಾರವೂ ಇತ್ತು. ಹೈದರ್ ಅಲಿಯವರು ಕಂಪನಿಗೆ ಕೊಟ್ಟಿದ್ದ ವ್ಯಾಪಾರದ ಸವಲತ್ತುಗಳು ಮುಂದುವರಿಯಬೇಕೆಂದು ಇಂಗ್ಲಿಷರು ಅದರಲ್ಲಿ ಬರೆಸಿಕೊಂಡಿದ್ದರು. ಕಾರಣ ಸರಳ. ಮಲಬಾರಿನ ಕರಿಮೆಣಸು ಕಂಪನಿಗೆ ಬೇಕೇ ಬೇಕಿತ್ತು. ಅವರ ತಲಚೇರಿ ಕೋಠಿ ನಿಂತಿದ್ದದ್ದು ಮೆಣಸಿನ ಮೇಲೆ. ಆದರೆ ಮೆಣಸು ಬೆಳೆಯುವ ಬೆಟ್ಟಗಳು, ಗಂಧ ಬೆಳೆಯುವ ಕಾಡುಗಳು, ಏಲಕ್ಕಿಯ ಮಲೆಗಳು ಬಹುಪಾಲು ಸುಲ್ತಾನರ ಕೈಯಲ್ಲಿದ್ದವು. ಬಂದೂಕು ಹಿಡಿದು ಬರುವ ವೈರಿ ತನ್ನ ಹಣದ ಚೀಲವನ್ನು ತುಂಬಿಸಿಕೊಳ್ಳುವುದು ತನ್ನದೇ ನೆಲದ ಸರಕಿನಿಂದ ಎಂಬುದನ್ನು ಸುಲ್ತಾನರು ಬೇಗ ಗ್ರಹಿಸಿದರು. ಆ ಕಾಲದ ಭಾರತದ ಅರಸರಲ್ಲಿ ಇದನ್ನು ಇಷ್ಟು ಸ್ಪಷ್ಟವಾಗಿ ಗ್ರಹಿಸಿದವರು ವಿರಳ.

1785ರಲ್ಲಿ ಅವರು ತಮ್ಮ ಬಂದರುಗಳಿಂದ ಮೆಣಸು, ಶ್ರೀಗಂಧ, ಏಲಕ್ಕಿಗಳ ರಫ್ತನ್ನು ತಡೆದರು. 1788ರಲ್ಲಿ ಇಂಗ್ಲಿಷರೊಡನೆ ವ್ಯಾಪಾರವನ್ನೇ ಮಾಡಬಾರದೆಂದು ನೇರವಾಗಿ ಆಜ್ಞೆ ಹೊರಡಿಸಿದರು. ಒಪ್ಪಂದದ ಮಾತನ್ನು ಮುರಿದಿದ್ದಾರೆಂದು ಕಂಪನಿಯವರು ದೂರಿದರು. ಒಪ್ಪಂದದ ಅಕ್ಷರವನ್ನು ನೋಡಿದರೆ ಅವರ ದೂರಿನಲ್ಲಿ ಹುರುಳಿಲ್ಲವೆನ್ನಲಾಗದು. ಆದರೆ ಸರಕು ಕೊಡುವುದೂ ಬಿಡುವುದೂ ಅದನ್ನು ಬೆಳೆದ ನಾಡಿನ ಹಕ್ಕು ಎಂಬುದು ಸುಲ್ತಾನರ ನಿಲುವಾಗಿತ್ತು. ಇಂದಿಗೂ ಸರಕಾರಗಳು ಇದನ್ನೇ ಮಾಡುತ್ತವೆ. 2023ರ ಜುಲೈಯಲ್ಲಿ ಭಾರತ ಸರಕಾರವು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಲ್ಲಿಸಿ, 2024ರ ಸೆಪ್ಟೆಂಬರಿನಲ್ಲಿ ಮತ್ತೆ ಬಿಟ್ಟುಕೊಟ್ಟದ್ದು ನಮ್ಮ ಕಣ್ಣೆದುರಿನ ಸಂಗತಿ.

ಕೊಡುವುದಿಲ್ಲವೆಂದರೆ ಸಾಲದು, ಬೇರೆ ಗಿರಾಕಿಯೂ ಬೇಕಲ್ಲ. ಸುಲ್ತಾನರು ಅರಬ್ಬೀ ಸಮುದ್ರದ ಆಚೆ ನೋಡಿದರು. ಮಸ್ಕತ್ತಿನಲ್ಲಿ ಅವರ ಕೋಠಿ ಇತ್ತು. ಅದರ ದರೋಗಾ ಮೀರ್ ಕಾಜಿಂ. ಅಲ್ಲಿ ಸರಕು ಮಾರಲು ನೆರವಾಗುತ್ತಿದ್ದ ದಲ್ಲಾಳಿ ಮಾವ್ ಸೇಠ್ ಎಂಬ ಹಿಂದೂ ವರ್ತಕ. ವ್ಯಾಪಾರದಲ್ಲಿ ಸುಲ್ತಾನರು ನೋಡುತ್ತಿದ್ದದ್ದು ನಂಬಿಕೆಯನ್ನೂ ನೈಪುಣ್ಯವನ್ನೂ ಎಂಬುದಕ್ಕೆ ಈ ಹೆಸರೇ ಸಾಕ್ಷಿ. ಮಂಗಳೂರಿನಿಂದ ಮೆಣಸು, ಗಂಧ, ಏಲಕ್ಕಿ, ಅಕ್ಕಿ ಮಸ್ಕತ್ತಿಗೆ ಹೋಗುತ್ತಿದ್ದವು. ಅವಸರದಿಂದ ಮಾರಬೇಡಿ, ಬೆಲೆ ಏರುವ ತನಕ ಕಾಯಿರಿ ಎಂದು ಸುಲ್ತಾನರೇ ಮೀರ್ ಕಾಜಿಂರಿಗೆ ಬರೆಯುತ್ತಿದ್ದರು. ಮಸ್ಕತ್ತಿನ ಇಮಾಮರು ಮೈಸೂರಿನ ಸರಕಿಗೆ ಸುಂಕದಲ್ಲಿ ರಿಯಾಯಿತಿ ಕೊಟ್ಟರು, ಅವರ ಹಡಗುಗಳಿಗೆ ಮಂಗಳೂರಿನಲ್ಲಿ ರಿಯಾಯಿತಿ ಸಿಕ್ಕಿತು. ನೀನು ನನಗೆ ಇಳಿಸು, ನಾನು ನಿನಗೆ ಇಳಿಸುತ್ತೇನೆ ಎಂಬ ಈ ಬಗೆಯ ಏರ್ಪಾಡಿಗೆ ಇಂದು ವ್ಯಾಪಾರ ಒಪ್ಪಂದ ಎಂಬ ದೊಡ್ಡ ಹೆಸರಿದೆ. ಕಚ್ಛದ ಬಂದರುಗಳಲ್ಲೂ ಅವರು ಕೋಠಿಗಳನ್ನು ತೆರೆದರು. ಆರ್ಮೇನಿಯದ ವರ್ತಕರನ್ನು ತಮ್ಮ ರಾಜ್ಯಕ್ಕೆ ಕರೆದರು.

ರೇಷ್ಮೆಯ ಕಥೆ ಬರುವುದು ಇಲ್ಲೇ. ಹೊರಗಿನಿಂದ ಕೊಳ್ಳುವ ಬೆಲೆಬಾಳುವ ಸರಕನ್ನು ನಮ್ಮಲ್ಲೇ ತಯಾರಿಸಬೇಕು ಎಂಬುದು ಅವರ ಇನ್ನೊಂದು ಯೋಚನೆ. ರೇಷ್ಮೆ ಹುಳುಗಳನ್ನು ತರಲು ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಎಂಬಿಬ್ಬರನ್ನು ಬಂಗಾಳಕ್ಕೆ ಕಳುಹಿಸಿದರು. ಅವರು ಮರಳಿ ಬರುತ್ತಿರುವಾಗ 1786ರಲ್ಲಿ ಶ್ರೀರಂಗಪಟ್ಟಣದ ಕಿಲ್ಲೇದಾರರಿಗೆ ಪತ್ರ ಬರೆದು, ಹುಳು ಸಾಕಲು ಯೋಗ್ಯ ಸ್ಥಳವನ್ನು ಆ ಇಬ್ಬರಿಂದಲೇ ಕೇಳಿ ತಿಳಿದು ಗೊತ್ತುಮಾಡಲು ತಿಳಿಸಿದರು. ಮಸ್ಕತ್ತಿನಿಂದಲೂ ಹುಳುಗಳನ್ನೂ ಸಾಕಲು ಬಲ್ಲವರನ್ನೂ ತರಿಸಲು ಯತ್ನಿಸಿದರು. ನಂತರ 21 ಕಡೆ ರೇಷ್ಮೆ ಸಾಕಣೆಗೆ ವ್ಯವಸ್ಥೆ ಮಾಡಿದರು. ಲಾಲ್‌ಬಾಗ್ ತೋಟವನ್ನು ಹೈದರ್ ಅಲಿಯವರು ಆರಂಭಿಸಿದರೆ, ಹೊರದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದವರು ಸುಲ್ತಾನರು. ನಾವು ಭಾನುವಾರ ಮಕ್ಕಳೊಂದಿಗೆ ಸುತ್ತಾಡಲು ಹೋಗುವ ತೋಟವು ಅವರಿಗೆ ಹೊಸ ಬೆಳೆಗಳನ್ನು ಪರೀಕ್ಷಿಸುವ ಜಾಗವೂ ಆಗಿತ್ತು.

ಇವೆಲ್ಲಕ್ಕಿಂತ ದೊಡ್ಡ ಸಾಹಸ ತುರ್ಕಿಗೆ ಕಳುಹಿಸಿದ ರಾಯಭಾರ. 1786ರ ಮಾರ್ಚಿನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ಗುಲಾಂ ಅಲಿ ಖಾನರ ನೇತೃತ್ವದಲ್ಲಿ ಸುಮಾರು 900 ಮಂದಿ ನಾಲ್ಕು ಹಡಗುಗಳಲ್ಲಿ ಹೊರಟರು. ಹಡಗುಗಳಲ್ಲಿ ಮಾರಲು ಸರಕೂ ಇತ್ತು. ಖಲೀಫರ ಮನ್ನಣೆ ಪಡೆಯುವುದು, ಇಂಗ್ಲಿಷರ ವಿರುದ್ಧ ನೆರವು ಕೇಳುವುದು ಒಂದು ಉದ್ದೇಶ. ಇನ್ನೊಂದು ಉದ್ದೇಶ ಶುದ್ಧ ವ್ಯಾಪಾರದ್ದು. ಬಸ್ರಾ ಬಂದರನ್ನು ಮೈಸೂರಿಗೆ ಇಜಾರಕ್ಕೆ ಕೊಡಬೇಕು, ಬದಲಿಗೆ ಮಂಗಳೂರಿನಲ್ಲಿ ತುರ್ಕರು ಅದೇ ಸವಲತ್ತು ಪಡೆಯಬಹುದು ಎಂಬುದು ಪ್ರಸ್ತಾವ. ಒಂದು ಹಡಗು ದಾರಿಯಲ್ಲೇ ಬೆಂಕಿಗೆ ಆಹುತಿಯಾಯಿತು. ಬಸ್ರಾದ ದಾರಿಯಾಗಿ 1787ರಲ್ಲಿ ಇಸ್ತಾಂಬುಲ್ ತಲುಪುವಷ್ಟರಲ್ಲಿ ಅನೇಕರು ಸತ್ತಿದ್ದರು, ಅಲ್ಲಿ ಪ್ಲೇಗು ಇನ್ನಷ್ಟು ಜನರನ್ನು ಕೊಂಡೊಯ್ಯಿತು. ಸುಲ್ತಾನ್ ಒಂದನೆಯ ಅಬ್ದುಲ್ ಹಮೀದರು ಗೌರವದಿಂದಲೇ ಬರಮಾಡಿಕೊಂಡರು. ಆದರೆ ಆ ಹೊತ್ತಿಗೆ ತುರ್ಕಿ ರಷ್ಯದೊಡನೆ ಯುದ್ಧದಲ್ಲಿತ್ತು, ಇಂಗ್ಲಿಷರ ಸ್ನೇಹ ಅದಕ್ಕೆ ಬೇಕಿತ್ತು. ಬಸ್ರಾ ಸಿಗಲಿಲ್ಲ. ರಾಯಭಾರಿಗಳು 1790ರಲ್ಲಿ ಮರಳಿದಾಗ ಜೊತೆಗಿದ್ದವರು ಬೆರಳೆಣಿಕೆಯಷ್ಟು. 1788ರಲ್ಲಿ ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿಯ ಆಸ್ಥಾನಕ್ಕೆ ಹೋದ ಇನ್ನೊಂದು ರಾಯಭಾರವೂ ಸೈನ್ಯದ ನೆರವನ್ನು ತರಲಿಲ್ಲ. ಕುಶಲಕರ್ಮಿಗಳು, ಬೀಜಗಳು ಬಂದದ್ದೇ ಲಾಭ.

ಇನ್ನು ಈ ನೀತಿಯ ಮತ್ತೊಂದು ಮುಖವನ್ನೂ ಹೇಳಬೇಕು. ನಮ್ಮ ಹಿರಿಯರ ಬಗ್ಗೆ ಬರೆಯುವಾಗ ಹೊಗಳಿಕೆಯನ್ನಷ್ಟೇ ಬರೆದರೆ ವಿದ್ಯಾರ್ಥಿಗಳಿಗೆ ಮೋಸ ಮಾಡಿದಂತಾಗುತ್ತದೆ. ರಫ್ತು ತಡೆಯೆಂದರೆ ಕಂಪನಿಗೆ ಮಾತ್ರ ಬಾಗಿಲು ಹಾಕಿದಂತಲ್ಲ. ಮೆಣಸು ಬೆಳೆದ ರೈತ ಸರಕಾರ ಗೊತ್ತುಮಾಡಿದ ದರಕ್ಕೆ ಸರಕಾರಕ್ಕೇ ಕೊಡಬೇಕಾಯಿತು. ತಲೆಮಾರುಗಳಿಂದ ಈ ವ್ಯಾಪಾರ ಮಾಡಿಕೊಂಡು ಬಂದಿದ್ದ ಮಲಬಾರಿನ ಮಾಪಿಳ್ಳೆ ವರ್ತಕರ ಕಸುಬಿಗೆ ಪೆಟ್ಟು ಬಿತ್ತು. ಅವರು ಸುಲ್ತಾನರ ಧರ್ಮಬಾಂಧವರೇ. ತಲಚೇರಿಯ ಪ್ರಸಿದ್ಧ ವರ್ತಕ ಚೊವ್ವಕ್ಕಾರನ್ ಮೂಸಾ ಇಂಗ್ಲಿಷರಿಗೆ ಮೆಣಸು ಒದಗಿಸುವವರಲ್ಲಿ ಪ್ರಮುಖನಾಗಿದ್ದ. ಕಲಿಮಾ ಒಂದೇ ಆದರೂ ತಕ್ಕಡಿ ಬೇರೆಯಾಗಿತ್ತು. ಸರಕಿನ ದಾಸ್ತಾನು ಮಾಡಿ ಬೆಲೆ ಏರಿಸುವುದನ್ನು ಪ್ರವಾದಿ ಮುಹಮ್ಮದ್(ಸ)ರು ಖಂಡಿಸಿದ್ದಾರೆ, ತಾವಾಗಿ ದರ ನಿಗದಿಪಡಿಸಲೂ ಅವರು ಒಪ್ಪಲಿಲ್ಲ ಎಂಬುದು ನಮ್ಮ ಮದರಸದ ಮಕ್ಕಳಿಗೂ ಗೊತ್ತು. ಬಲಾಢ್ಯ ವೈರಿಯೆದುರು ನಾಡನ್ನು ಉಳಿಸಿಕೊಳ್ಳಲು ಒಬ್ಬ ದೊರೆ ಇದನ್ನು ಎಷ್ಟರ ಮಟ್ಟಿಗೆ ಮೀರಬಹುದು ಎಂಬ ಪ್ರಶ್ನೆಯನ್ನು ಉಲಮಾಗಳಿಗೇ ಬಿಡುತ್ತೇನೆ. ಮಾರುಕಟ್ಟೆಯಂತೂ ತನ್ನ ಉತ್ತರವನ್ನು ಕೊಟ್ಟಿತು.

ಹೀಗಾದದ್ದು ಸುಲ್ತಾನರೊಬ್ಬರಿಗೇ ಅಲ್ಲ. 1807ರ ಡಿಸೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಜೆಫರ್ಸನ್ ಇಂಗ್ಲೆಂಡ್ ಮತ್ತು ಫ್ರಾನ್ಸನ್ನು ಬಗ್ಗಿಸಲು ತಮ್ಮ ಬಂದರುಗಳಿಂದ ಹಡಗುಗಳು ಹೊರದೇಶಕ್ಕೆ ಹೋಗದಂತೆ ತಡೆದರು. ನಷ್ಟವಾದದ್ದು ಹೆಚ್ಚಾಗಿ ಅವರದೇ ವರ್ತಕರಿಗೆ. ಕಳ್ಳಸಾಗಣೆ ಹೆಚ್ಚಿತು, 1809ರಲ್ಲಿ ಕಾನೂನನ್ನು ಹಿಂದೆಗೆದುಕೊಳ್ಳಬೇಕಾಯಿತು.

1789ರ ಕೊನೆಗೆ ಸುಲ್ತಾನರು ತಿರುವಾಂಕೂರಿನ ಗಡಿಕೋಟೆಯ ಮೇಲೆ ದಾಳಿ ಮಾಡಿದರು. ತಿರುವಾಂಕೂರು ಕಂಪನಿಯ ಮಿತ್ರ, ಅದಕ್ಕೆ ಮೆಣಸು ಕೊಡುತ್ತಿದ್ದ ರಾಜ್ಯ. ಮೂರನೆಯ ಯುದ್ಧ ಹೀಗೆ ಹೊತ್ತಿಕೊಂಡಿತು. 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಕಾರ್ನ್‌ವಾಲಿಸನ ಕೈಗೆ ಬಿತ್ತು. ಕೋಟೆಯೊಳಗಿನ ಬೇಸಿಗೆ ಅರಮನೆಯ ಕೆಲಸ ಮುಗಿದದ್ದೂ ಅದೇ ವರ್ಷ. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ರಾಜ್ಯದ ಅರ್ಧಭಾಗ ಹೋಯಿತು, 3 ಕೋಟಿ 30 ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಮಕ್ಕಳನ್ನು ಒಪ್ಪಿಸುವ ಚಿತ್ರವನ್ನು ಎಲ್ಲರೂ ನೋಡಿದ್ದಾರೆ. ಆದರೆ ಹೋದ ಅರ್ಧದಲ್ಲಿ ಮೆಣಸಿನ ಮಲಬಾರು ಇತ್ತು ಎಂಬುದನ್ನು ಗಮನಿಸುವವರು ಕಡಿಮೆ. ಮಲಬಾರು ಕೈಗೆ ಬಂದೊಡನೆ ಕಂಪನಿಯವರು ಅಲ್ಲಿ ಮುಕ್ತ ವ್ಯಾಪಾರವನ್ನು ಸಾರಿದರು. ಎಲ್ಲ ಸರಕಿಗೂ ಸ್ವಾತಂತ್ರ್ಯ, ಮೆಣಸೊಂದನ್ನು ಬಿಟ್ಟು! ಮೆಣಸು ಕಂಪನಿಯ ಏಕಸ್ವಾಮ್ಯವಾಯಿತು. ಸುಲ್ತಾನರು ಮಾಡಿದರೆ ದಬ್ಬಾಳಿಕೆ ಎನಿಸಿದ್ದು ತಾವು ಮಾಡಿದಾಗ ಆಡಳಿತವೆನಿಸಿತು.

ಅಷ್ಟು ಕಳೆದುಕೊಂಡ ಮೇಲೂ ಸುಲ್ತಾನರು ತಕ್ಕಡಿಯನ್ನು ಕೆಳಗಿಡಲಿಲ್ಲ. ಮಂಗಳೂರು ಇನ್ನೂ ಅವರದೇ ಆಗಿತ್ತು. 1793 ಮತ್ತು 1794ರಲ್ಲಿ ವ್ಯಾಪಾರಕ್ಕೆಂದೇ ಹುಕುಂನಾಮೆಗಳನ್ನು ಹೊರಡಿಸಿದರು. ಮಲಿಕ್-ಉತ್-ತುಜ್ಜಾರ್ ಎಂಬ ಅಧಿಕಾರಿಗಳ ಮಂಡಳಿಯ ಕೈಗೆ ರಾಜ್ಯದ ಒಳಗಿನ ಹಾಗೂ ಹೊರದೇಶದ ಕೋಠಿಗಳನ್ನು ಒಪ್ಪಿಸಿದರು. ಅದರಲ್ಲಿ ಒಂದು ಏರ್ಪಾಡು ನನಗೆ ಬಹಳ ಕುತೂಹಲದ್ದು. ಪ್ರಜೆಗಳೂ ಸರಕಾರದ ವ್ಯಾಪಾರದಲ್ಲಿ ಹಣ ಹೂಡಬಹುದಿತ್ತು. 500ರವರೆಗಿನ ಚಿಕ್ಕ ಹೂಡಿಕೆಗೆ ನೂರಕ್ಕೆ 50ರಂತೆ, 500ರಿಂದ 5,000ದವರೆಗೆ ನೂರಕ್ಕೆ 25ರಂತೆ, ಅದಕ್ಕೂ ಮೇಲಾದರೆ ನೂರಕ್ಕೆ 12ರಂತೆ ಲಾಭ. ಕಡಿಮೆ ಹಣವಿದ್ದವನಿಗೆ ಹೆಚ್ಚಿನ ಲಾಭ! ಇಂದಿನ ಯಾವ ಬ್ಯಾಂಕಿನಲ್ಲಿ ಕೇಳಿದರೂ ನಗುತ್ತಾರೆ. ಬಡವನ ದುಡ್ಡೂ ಹಡಗು ಹತ್ತಬೇಕು ಎಂಬುದು ಅವರ ಆಸೆಯಾಗಿದ್ದಿರಬೇಕು. ಅದು ಬೇರೂರಲು ಕಾಲ ಉಳಿದಿರಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಯಲ್ಲಿ ಹೋರಾಡುತ್ತಲೇ ಟಿಪ್ಪು ಸುಲ್ತಾನರು ಶಹೀದರಾದರು. ಅವರಿಗೆ ಇನ್ನೂ 50 ತುಂಬಿರಲಿಲ್ಲ. ಅರಮನೆ ಲೂಟಿಯಾಯಿತು, ಮಕ್ಕಳು ವೇಲೂರಿಗೆ ಹೋದರು, ಗ್ರಂಥಾಲಯ ಇಂಗ್ಲಿಷರ ಪಾಲಾಯಿತು.

ಮರುವರ್ಷವೇ, ಅಂದರೆ 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಮೈಸೂರು ಸೀಮೆಗೆ ಕಳುಹಿಸಿದ. ಅವನಿಗೆ ವಹಿಸಿದ ಕೆಲಸ ಇಲ್ಲಿನ ಬೆಳೆ, ನೇಯ್ಗೆ, ಮೆಣಸು, ಗಂಧ, ಪೇಟೆಗಳ ಲೆಕ್ಕ ಬರೆಯುವುದು. ಬೆಂಗಳೂರಿಗೆ ಬಂದ ಬುಕಾನನ್ ಪೇಟೆಯ ವರ್ತಕರನ್ನೂ ನೇಕಾರರನ್ನೂ ಕೂರಿಸಿಕೊಂಡು ವಿಚಾರಿಸಿದ. ಹೈದರ್ ಅಲಿಯವರ ಕಾಲದಲ್ಲಿ ಚೆನ್ನಾಗಿ ನಡೆಯುತ್ತಿದ್ದ ವ್ಯಾಪಾರವು ಆರ್ಕಾಟಿನ ಸೀಮೆ ಮತ್ತು ಹೈದರಾಬಾದಿನ ಸೀಮೆಗಳೊಡನೆ ಸುಲ್ತಾನರು ವಹಿವಾಟು ನಿಷೇಧಿಸಿದ ಮೇಲೆ ಕುಸಿಯಿತೆಂದು ಬರೆದುಕೊಂಡ. ಅವನು ಕಂಪನಿಯ ನೌಕರ, ಸೋತ ದೊರೆಯ ಬಗ್ಗೆ ಅವನ ಲೇಖನಿ ಮೃದುವಾಗಿರಲು ಕಾರಣವಿಲ್ಲ. ಆದರೂ ಪೇಟೆಯ ಆ ನೇಕಾರರ ದೂರನ್ನು ಸುಳ್ಳೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಅವನ ಬರಹ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮಸ್ಕತ್ತಿನ ಕೋಠಿಗಾಗಿ ಸುಲ್ತಾನರು ಆರಿಸುತ್ತಿದ್ದ ಸರಕುಗಳ ಹೆಸರುಗಳೆಲ್ಲ ಆ ಪುಟಗಳಲ್ಲಿ ಮತ್ತೆ ಬರುತ್ತವೆ. ಈ ಸಲ ಅವನ್ನು ಎಣಿಸುತ್ತಿದ್ದವರು ಬೇರೆಯವರು.