ಕಳೆದುಹೋದ ಹಸ್ತಪ್ರತಿ

1905ರಲ್ಲಿ ವಿಯೆನ್ನಾ ನಗರದ ಯಹೂದಿ ಮನೆತನವೊಂದರಲ್ಲಿ ಜನಿಸಿದ ವಿಕ್ಟರ್ ಫ್ರಾಂಕ್ಲ್ ಮನೋವೈದ್ಯರಾಗಿದ್ದರು. 1938ರಲ್ಲಿ ನಾಜಿಗಳು ಆಸ್ಟ್ರಿಯಾ ದೇಶವನ್ನು ವಶಪಡಿಸಿಕೊಂಡ ಮೇಲೆ ಯಹೂದ್ಯರ ಬದುಕು ದುಸ್ತರವಾಯಿತು. ಫ್ರಾಂಕ್ಲರಿಗೆ ಅಮೆರಿಕಕ್ಕೆ ತೆರಳಲು ವೀಸಾ ದೊರೆತಿತ್ತು. ವೃದ್ಧ ತಂದೆತಾಯಿಗಳನ್ನು ತೊರೆದು ಹೋಗಲು ಮನಸ್ಸು ಒಪ್ಪಲಿಲ್ಲ. 1942ರಲ್ಲಿ ಪತ್ನಿ ಮತ್ತು ತಂದೆತಾಯಿಗಳೊಡನೆ ಅವರನ್ನೂ ಥೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಸಾಗಿಸಲಾಯಿತು. ತಂದೆ ಅಲ್ಲಿಯೇ ಅಸುನೀಗಿದರು.

1944ರಲ್ಲಿ ಆಶ್‌ವಿಟ್ಜ್ ಶಿಬಿರವನ್ನು ತಲಪಿದಾಗ ಅವರ ಕೋಟಿನೊಳಗೆ ಒಂದು ಹಸ್ತಪ್ರತಿಯಿತ್ತು. ಬಾಳಿನ ಅರ್ಥವನ್ನು ಅರಸುವುದೇ ಮನುಷ್ಯನ ಮೂಲಪ್ರೇರಣೆಯೆಂದು ಭಾವಿಸಿ, ಅದರ ಮೇಲೆ ತಾವು ಕಟ್ಟಿದ ಲೋಗೋಥೆರಪಿ ಎಂಬ ಚಿಕಿತ್ಸೆಯನ್ನು ಅವರು ಅದರಲ್ಲಿ ವಿವರಿಸಿದ್ದರು. ಉಟ್ಟ ಬಟ್ಟೆಯೊಡನೆ ಅದೂ ಕೈತಪ್ಪಿತು. ಮುಂದೆ ಮತ್ತೊಂದು ಶಿಬಿರದಲ್ಲಿ ಟೈಫಸ್ ಜ್ವರ ತಗಲಿದಾಗ, ನಿದ್ರಿಸಿದರೆ ಪ್ರಾಣಾಪಾಯವೆಂದು ಇರುಳೆಲ್ಲ ಎಚ್ಚರವಿದ್ದು, ಕಾಗದದ ಚೂರುಗಳ ಮೇಲೆ ಆ ಗ್ರಂಥವನ್ನು ನೆನಪಿನಿಂದ ಮರಳಿ ಬರೆಯತೊಡಗಿದರು. ಸಿದ್ಧಾಂತದ ಪರೀಕ್ಷೆ ಸಿದ್ಧಾಂತಕಾರನ ಮೇಲೆಯೇ ನಡೆಯಿತೆನ್ನಬೇಕು.

1945ರ ಏಪ್ರಿಲ್‌ನಲ್ಲಿ ಬಿಡುಗಡೆಯಾಯಿತು. ವಿಯೆನ್ನಾಕ್ಕೆ ಮರಳಿದ ಅವರಿಗೆ ತಾಯಿ, ಸೋದರ, ಪತ್ನಿ ಯಾರೂ ಉಳಿದಿಲ್ಲವೆಂಬ ವಾರ್ತೆ ಕಾದಿತ್ತು. ಆ ದುಃಖದಲ್ಲಿಯೇ ಶಿಬಿರದ ಅನುಭವಗಳನ್ನು ಒಂಬತ್ತು ದಿನಗಳಲ್ಲಿ ಹೇಳಿ ಬರೆಯಿಸಿದರು. 1946ರಲ್ಲಿ ಅದು ಪುಸ್ತಕವಾಯಿತು. 1997ರಲ್ಲಿ ಅವರು ನಿಧನ ಹೊಂದುವ ವೇಳೆಗೆ ಅದು ಹಲವಾರು ಭಾಷೆಗಳನ್ನು ಸೇರಿತ್ತು. ಆದರೆ ಬರೆಯುವಾಗ ಅವರಿಗೆ ಕೀರ್ತಿಯ ಹಂಬಲವಿರಲಿಲ್ಲ. ಹೆಸರಿನ ಬದಲು 119104 ಎಂಬ ತಮ್ಮ ಕೈದಿಯ ಸಂಖ್ಯೆಯನ್ನಷ್ಟೇ ಅಚ್ಚುಹಾಕಿಸಬೇಕೆಂದಿದ್ದರು.