ಪೊರಕೆ ಹಿಡಿದ ಶೋಧಕ

ಅಮೆರಿಕ ಸಂಯುಕ್ತ ಸಂಸ್ಥಾನದ ಓಹಾಯೋ ರಾಜ್ಯದಲ್ಲಿ ಕ್ಯಾಂಟನ್ ಎಂಬ ಪಟ್ಟಣವಿದೆ. 1907ರಲ್ಲಿ ಅಲ್ಲಿನ ಝಾಲಿಂಜರ್ ಮಳಿಗೆಯಲ್ಲಿ ಗುಡಿಸುವ ಕೆಲಸಕ್ಕಿದ್ದವನು ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ವಯಸ್ಸು ಅರುವತ್ತನ್ನು ಸಮೀಪಿಸಿತ್ತು. ಮೈಗೆ ಉಬ್ಬಸದ ವ್ಯಾಧಿ ಅಂಟಿಕೊಂಡಿತ್ತು. ಮಳಿಗೆಯ ನೆಲಕ್ಕೆಲ್ಲ ಜಮಖಾನೆ ಹಾಸಿತ್ತು. ನಮ್ಮ ಮನೆಗಳಲ್ಲಿ ನೀರು ಚಿಮುಕಿಸಿ ಗುಡಿಸಿದರೆ ಧೂಳು ಅಡಗುತ್ತದೆ. ಜಮಖಾನೆಗೆ ಈ ಉಪಾಯ ಒಗ್ಗದು. ಗುಡಿಸಿದಷ್ಟೂ ಧೂಳೆದ್ದು ಅವನ ಎದೆಯನ್ನು ಹೊಕ್ಕು, ಕೆಮ್ಮಿ ಕೆಮ್ಮಿ ಅವನು ಬಳಲುತ್ತಿದ್ದನು. ಕೆಲಸವನ್ನು ಬಿಟ್ಟರೆ ಜೀವನ ಸಾಗದು, ಬಿಡದಿದ್ದರೆ ಉಸಿರಾಟವೇ ಕಷ್ಟ.

ಸ್ಪ್ಯಾಂಗ್ಲರನು ಹುಟ್ಟಿದ್ದು 1848ರಲ್ಲಿ. ಮುಂದೆ ಗಂಡಸರ ಉಡುಪುಗಳ ಅಂಗಡಿಯೊಂದರಲ್ಲಿ ಮಾರಾಟಗಾರನಾದನು. ಯಂತ್ರಗಳ ಹುಚ್ಚು ಮಾತ್ರ ಅವನನ್ನು ಬಿಟ್ಟಿರಲಿಲ್ಲ. 1887ರಲ್ಲಿ ಧಾನ್ಯದ ಕೊಯ್ಲಿನ ಯಂತ್ರವೊಂದಕ್ಕೂ, 1893ರಲ್ಲಿ ಹುಲ್ಲನ್ನು ಒಟ್ಟುಗೂಡಿಸಿ ಹರವುವ ಸಾಧನವೊಂದಕ್ಕೂ ಪೇಟೆಂಟ್ ಪಡೆದನು. ಅವು ಅವನಿಗೆ ಸಂಪತ್ತನ್ನು ತರಲಿಲ್ಲ. ಹಲವು ಯಂತ್ರಗಳನ್ನು ಕಲ್ಪಿಸಿದ ಕೈ ಇಳಿವಯಸ್ಸಿನಲ್ಲಿ ಪೊರಕೆ ಹಿಡಿಯಬೇಕಾಯಿತು.

ಧೂಳನ್ನು ಗಾಳಿಯ ಸೆಳೆತದಿಂದ ಹೀರುವ ವಿಚಾರ ಆಗ ತೀರ ಹೊಸದೇನಲ್ಲ. ಇಂಗ್ಲೆಂಡಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರನು 1901ರಲ್ಲಿಯೇ ಅಂತಹ ಯಂತ್ರವನ್ನು ನಿರ್ಮಿಸಿದ್ದನು. ಆದರೆ ಅದು ಕುದುರೆ ಎಳೆಯುವ ಬಂಡಿಯ ಮೇಲೆ ಬೀದಿಯಲ್ಲಿ ನಿಲ್ಲುವಂಥದು; ಅದರಿಂದ ಉದ್ದನೆಯ ಕೊಳವೆಗಳನ್ನು ಕಿಟಕಿಯ ಮೂಲಕ ಮನೆಯೊಳಕ್ಕೆ ಎಳೆಯಬೇಕಾಗಿತ್ತು. ಒಬ್ಬನೇ ಕೈಯಲ್ಲಿ ಹಿಡಿದು ನೂಕಿಕೊಂಡು ಹೋಗುವಂಥದು ಸ್ಪ್ಯಾಂಗ್ಲರನಿಗೆ ಬೇಕಾಗಿತ್ತು.

ಹೊಸ ಭಾಗಗಳನ್ನು ಎರಕ ಹೊಯ್ಯಿಸಲು ಅವನ ಬಳಿ ಹಣವೆಲ್ಲಿಯದು? ಕೈಗೆ ಸಿಕ್ಕ ವಸ್ತುಗಳನ್ನೇ ಅವನು ಯಂತ್ರದ ಅಂಗಗಳನ್ನಾಗಿ ಮಾಡಿಕೊಂಡನು. ವಿದ್ಯುತ್ ಬೀಸಣಿಗೆಯ ಮೋಟಾರನ್ನು ತಗಡಿನ ಸಾಬೂನಿನ ಪೆಟ್ಟಿಗೆಗೆ ಜೋಡಿಸಿದನು. ನೂಕುವುದಕ್ಕೆ ಪೊರಕೆಯ ಉದ್ದನೆಯ ಕೋಲೇ ಹಿಡಿಯಾಯಿತು. ಧೂಳು ತುಂಬಿಕೊಳ್ಳಲು ದಿಂಬಿನ ಗವಸನ್ನು ಹಿಂಬದಿಗೆ ಕಟ್ಟಿದನು. ಮುಂದೆ ಸುತ್ತುವ ಬುರುಸು ಜಮಖಾನೆಯ ಎಳೆಗಳಲ್ಲಿ ಅಡಗಿದ ಧೂಳನ್ನು ಕೆದಕಿ ಸಡಿಲಿಸುವುದು. ಪಂಕದ ಗಾಳಿ ಅದನ್ನು ಸೆಳೆದು ಚೀಲಕ್ಕೆ ನೂಕುವುದು. ಬಟ್ಟೆಯ ನೇಯ್ಗೆಯೊಳಗಿಂದ ಗಾಳಿ ನುಸುಳಿ ಹೋದರೂ ಧೂಳು ಬಹುಮಟ್ಟಿಗೆ ಒಳಗೇ ಉಳಿಯುವುದು. ನೋಡಲು ವಿಕಾರವಾಗಿದ್ದ ಈ ಯಂತ್ರ ಉಬ್ಬಸದ ಮುದುಕನಿಗೆ ಉಸಿರಾಡಲು ಎಡೆಮಾಡಿತು. ಇಂದು ಹಳೆಯ ಯಂತ್ರಗಳನ್ನು ಸಂಗ್ರಹಿಸಿ, ಹರಿದ ಚೀಲಕ್ಕೆ ಬೇರೆ ಬಟ್ಟೆ ಹೊಲಿದು, ಸವೆದ ಪಟ್ಟಿಗೆ ಬದಲಿ ಪಟ್ಟಿ ಹೊಂದಿಸಿ ಅವನ್ನು ಮತ್ತೆ ಓಡಿಸುವ ಹವ್ಯಾಸಿಗಳಿದ್ದಾರೆ. ಬದಲಿ ಭಾಗಗಳಿಂದಲೇ ಹುಟ್ಟಿದ ಯಂತ್ರಕ್ಕೆ ಅವರ ಈ ಉಪಚಾರ ಹೊಸದಲ್ಲ.

1907ರಲ್ಲಿ ಅರ್ಜಿ ಸಲ್ಲಿಸಿ, 1908ರ ಜೂನ್ 2ರಂದು ಸ್ಪ್ಯಾಂಗ್ಲರನು ಪೇಟೆಂಟ್ ಪಡೆದನು. ಕೆಲಸ ಬಿಟ್ಟು ಸಣ್ಣ ಉದ್ಯಮವನ್ನು ಸ್ಥಾಪಿಸಿದನು. ಮಗನು ಯಂತ್ರಗಳನ್ನು ಜೋಡಿಸಲು ನೆರವಾದರೆ, ಮಗಳು ಚೀಲಗಳನ್ನು ಸಿದ್ಧಪಡಿಸುತ್ತಿದ್ದಳು. ಎಲ್ಲರೂ ದುಡಿದರೂ ವಾರಕ್ಕೆ ಎರಡೋ ಮೂರೋ ಯಂತ್ರಗಳು ತಯಾರಾಗುತ್ತಿದ್ದವು. ಬಂಡವಾಳವಿಲ್ಲದೆ ಉದ್ಯಮ ಮುಂದುವರಿಯುವಂತಿರಲಿಲ್ಲ.

ಆಗ ನೆರವಾದವಳು ಸೂಸನ್ ಹೂವರ್. ಯಂತ್ರವನ್ನು ತನ್ನ ಮನೆಯಲ್ಲಿ ಬಳಸಿ ನೋಡಿ ಮೆಚ್ಚಿದ ಆಕೆ ಅದರ ವಿಷಯವನ್ನು ಪತಿ ವಿಲಿಯಂ ಹೂವರನಿಗೆ ತಿಳಿಸಿದಳು. ಅವನು ಸಮೀಪದ ನ್ಯೂ ಬರ್ಲಿನ್ ಎಂಬ ಊರಿನಲ್ಲಿ ಕುದುರೆಯ ಸಜ್ಜು ಮುಂತಾದ ತೊಗಲಿನ ಸಾಮಾನುಗಳನ್ನು ತಯಾರಿಸುತ್ತಿದ್ದ ವ್ಯಾಪಾರಿ. ಮೋಟಾರು ಕಾರುಗಳು ಹೆಚ್ಚಿ ಕುದುರೆಗಳು ಕಡಿಮೆಯಾಗುತ್ತಿದ್ದ ಕಾಲವದು. ಹೊಸ ಉದ್ಯಮ ಅವನಿಗೂ ಬೇಕಾಗಿತ್ತು. 1908ರಲ್ಲಿ ಅವನು ಪೇಟೆಂಟನ್ನು ಕೊಂಡು, ಸ್ಪ್ಯಾಂಗ್ಲರನನ್ನು ಕೈಬಿಡದೆ ಜೊತೆಯಲ್ಲಿಟ್ಟುಕೊಂಡನು. ಮಾರಾಟವಾದ ಯಂತ್ರಗಳ ಮೇಲೆ ಅವನಿಗೆ ಗೌರವಧನವೂ ಗೊತ್ತಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಹತ್ತು ದಿನ ಬಿಟ್ಟಿಯಾಗಿ ಬಳಸಿ ನೋಡಬಹುದೆಂಬ ಜಾಹೀರಾತು ಪತ್ರಿಕೆಯಲ್ಲಿ ಪ್ರಕಟವಾಯಿತು. ಯಂತ್ರ ಮನೆಮನೆಯನ್ನು ಹೊಕ್ಕಿತು.

ಅದರೊಂದಿಗೆ ಹೊಕ್ಕ ಹೆಸರು ಹೂವರನದು. ಬ್ರಿಟನ್ನಿನಲ್ಲಂತೂ ಆ ಹೆಸರು ಧೂಳು ತೆಗೆಯುವ ಕ್ರಿಯೆಗೇ ಪದವಾಗಿ ನಿಂತಿತು. ಸ್ಪ್ಯಾಂಗ್ಲರನ ಹೆಸರನ್ನು ಬಲ್ಲವರು ಕಡಿಮೆ. ಬಾಳಿನುದ್ದಕ್ಕೂ ದುಡಿದ ಅವನು 1915ರ ಜನವರಿಯಲ್ಲಿ ಮೊತ್ತಮೊದಲ ಬಾರಿಗೆ ವಿಶ್ರಾಂತಿಗೆಂದು ಪ್ರವಾಸಕ್ಕೆ ಸಿದ್ಧನಾದನು. ಹೊರಡುವ ಹಿಂದಿನ ರಾತ್ರಿ ಅವನ ಪ್ರಾಣ ಹೋಯಿತು. ಗೌರವಧನವು ಪೇಟೆಂಟಿನ ಅವಧಿ ಮುಗಿದ 1925ರವರೆಗೆ ಅವನ ಕುಟುಂಬಕ್ಕೆ ಸಲ್ಲುತ್ತಿತ್ತು.