ಇಂದಿನ ಚಿಂತನೆ: ರಾಯಣ್ಣನ ಹೊಲ, ನಮ್ಮ ಪಹಣಿ



ಸಂಗೊಳ್ಳಿ ರಾಯಣ್ಣ ಅರಸನಲ್ಲ, ಕಿತ್ತೂರು ಸಂಸ್ಥಾನದ ಶೇತಸನದಿ. ಊರು ಕಾಯುವ ಚಾಕರಿಗೆ ಹೊಲ ಪಡೆದ ಮನೆತನದವನು. 1824ರ ಯುದ್ಧದ ನಂತರ ಕಿತ್ತೂರನ್ನು ನುಂಗಿದ ಕಂಪನಿ ಸರ್ಕಾರ ಆ ಹೊಲದ ಬಹುಪಾಲು ಕಸಿದು, ಉಳಿದದ್ದಕ್ಕೆ ಭಾರಿ ಕಂದಾಯ ಹೇರಿತು. ರಾಯಣ್ಣ ಬಡವರನ್ನು ಕೂಡಿಸಿ ದಂಡು ಕಟ್ಟಿದ. ಸರ್ಕಾರಿ ಕಚೇರಿ ಸುಟ್ಟ, ಖಜಾನೆ ದೋಚಿದ. ಸೈನ್ಯದ ಕೈಗೆ ಸಿಗದವನು 1830ರಲ್ಲಿ ನಮ್ಮ ಜನರ ಮೋಸಕ್ಕೆ ಸಿಕ್ಕಿಬಿದ್ದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ನೇಣಿಗೇರಿಸಿದರು.

1950ರ ಅದೇ ಜನವರಿ 26ರಂದು ಬಾಬಾಸಾಹೇಬರ ಸಂವಿಧಾನ ಜಾರಿಗೆ ಬಂತು. ರಾಯಣ್ಣನಿಗೆ ಮೊರೆ ಹೋಗಲು ಕಾನೂನಿರಲಿಲ್ಲ, ಕತ್ತಿ ಹಿಡಿದ. ನಮಗೆ ಕಾನೂನಿದೆ. ಸರ್ಕಾರ ನಮ್ಮವರಿಗೆ ಮಂಜೂರು ಮಾಡಿದ ಜಮೀನು ಕೈತಪ್ಪದಂತೆ ಕಾಯಲು 1978ರ ಪಿಟಿಸಿಎಲ್ ಕಾಯ್ದೆಯಿದೆ. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ನಾವೆಷ್ಟು ಜನ ನಮ್ಮ ಪಹಣಿ ತೆಗೆಸಿ ಓದಿದ್ದೇವೆ? ಎಚ್ಚರವಾಗಿರುವುದೂ ಧಮ್ಮವೇ.

ಭವತು ಸಬ್ಬ ಮಂಗಲಂ.